ಗುದ್ದಪ್ಪನಿಗೆ ಒಂದು ಗಂಟೆ

ಗೇಟಣ್ಣನ ಕಷ್ಟಕ್ಕೆಲ್ಲ ಮೂಲ ಒಂದು ಹಾಳೆ. ಎದುರುಮನೆಯ ನಿವೃತ್ತ ಗುಮಾಸ್ತರು ತಮ್ಮ ಮುತ್ತಿನಂಥ ಅಕ್ಷರದಲ್ಲಿ ಬರೆದು, ತಮ್ಮದೇ ಅಂಟಿನಿಂದ ಅವನ ಶೆಡ್ಡಿನ ಬಾಗಿಲಿಗೆ ಅಂಟಿಸಿದ ಹಾಳೆ. ಅದರಲ್ಲಿ ಹೀಗಿತ್ತು: ಬೆಳಿಗ್ಗೆ ಎಂಟರಿಂದ ಹನ್ನೊಂದು, ಪಿಟೀಲು ಪಾಠ, ಸದ್ದು ಕೂಡದು. ಹನ್ನೆರಡರಿಂದ ಎರಡು, ಗಡಿಯಾರ ರಿಪೇರಿಯ ಸೂಕ್ಷ್ಮ ಕೆಲಸ, ಸದ್ದು ಕೂಡದು. ಎರಡರಿಂದ ನಾಲ್ಕು, ಕೆಳಗೆ ಸಹಿ ಮಾಡಿದವರ ವಿಶ್ರಾಂತಿ, ಸದ್ದು ಕೂಡಲೇ ಕೂಡದು. ನಾಲ್ಕರಿಂದ ರಾತ್ರಿ ಎಂಟು, ಪುನಃ ಪಿಟೀಲು.

ಕೂಡದ್ದನ್ನೆಲ್ಲ ಕಳೆದ ಮೇಲೆ ಉಳಿದದ್ದು ಹನ್ನೊಂದರಿಂದ ಹನ್ನೆರಡು. ಆ ಒಂದು ಗಂಟೆ ಗುದ್ದಪ್ಪನದು.

ಗುದ್ದಪ್ಪ ಎಂದರೆ ಮನುಷ್ಯನಲ್ಲ, ಸುತ್ತಿಗೆ. ಆಳೆತ್ತರಕ್ಕಿಂತ ಒಂದು ಮೊಳ ಹೆಚ್ಚು ಎತ್ತರದ, ಮೋಟಾರಿನಿಂದ ನಡೆಯುವ ಸುತ್ತಿಗೆ. ಮುಚ್ಚಿಹೋದ ಗುದ್ದಲಿ ಕಾರ್ಖಾನೆಯ ಹಿತ್ತಲಲ್ಲಿ, ಮೈತುಂಬ ಬಳ್ಳಿ ಹಬ್ಬಿಸಿಕೊಂಡು ಬಿದ್ದಿತ್ತು. ಗೇಟಣ್ಣ ಅದನ್ನು ತಂದು ಮೂರು ವರ್ಷ ತುಕ್ಕು ಕೆರೆದ, ಲಾರಿಯ ಪಟ್ಟಾ ಕಡಿದು ಸ್ಪ್ರಿಂಗು ಮಾಡಿದ. ಚೀಲ ಹೊಲಿಯುವ ಕಸುಬಿನ ಅವನ ಹೆಂಡತಿ ಹರಿದ ಬೆಲ್ಟನ್ನು ದಬ್ಬಳದಲ್ಲಿ ಹೊಲಿದುಕೊಟ್ಟಳು. ಕಾಲಬಳಿಯ ಕಬ್ಬಿಣದ ಪಟ್ಟಿಯನ್ನು ಮೆಲ್ಲಗೆ ಒತ್ತಿದರೆ ಅದು ಮಗುವಿನ ಬೆನ್ನು ತಟ್ಟಿದಂತೆ ತಟ್ಟುತ್ತಿತ್ತು. ಜೋರಾಗಿ ತುಳಿದರೆ ಬೀದಿಯ ಕೊನೆಯ ಮನೆಯ ಲೋಟಗಳೂ ಎದ್ದು ಕೂರುತ್ತಿದ್ದವು. ಮೊದಲ ದಿನ ಅದು ನಡೆದಾಗ ಗೇಟಣ್ಣ ಅತ್ತುಬಿಟ್ಟ. ಎರಡನೆಯ ದಿನ ಬೀದಿಯೇ ಅಳುವಂತಾಯಿತು. ಮೂರನೆಯ ದಿನ ಹಾಳೆ ಬಂತು. ಸಹಿ ಹಾಕದಿದ್ದರೆ ಪುರಸಭೆಗೆ ಅರ್ಜಿ ಹೋಗುತ್ತದೆ ಎಂದರು ಗುಮಾಸ್ತರು. ಗೇಟಣ್ಣ ಸಹಿ ಹಾಕಿದ.

ಆ ಬೀದಿಯ ಗೇಟುಗಳೆಲ್ಲ ಅವನ ಕೈಯವೇ ಆದ್ದರಿಂದ ಅವನಿಗೆ ಗೇಟಣ್ಣ ಎಂಬ ಹೆಸರು. ಇಪ್ಪತ್ತೈದು ವರ್ಷ ಗೇಟು ಮಾಡಿದ ಮೇಲೆ ಅವನಿಗೆ ಒಂದು ಆಸೆ ಹುಟ್ಟಿತ್ತು. ತೆಗೆದು ಮುಚ್ಚುವ ಕೆಲಸಕ್ಕೆ ಬಾರದ, ಸುಮ್ಮನೆ ನೋಡಿ ಖುಷಿಪಡುವಂಥ ಏನಾದರೊಂದನ್ನು ಉಕ್ಕಿನಲ್ಲಿ ಬಡಿಯಬೇಕು. ಹೇಗೋ ಆ ಸುದ್ದಿ ಮಕ್ಕಳ ಆಸ್ಪತ್ರೆಯ ದೊಡ್ಡ ಡಾಕ್ಟ್ರಮ್ಮನ ಕಿವಿಗೆ ಬಿದ್ದು, "ನಮ್ಮ ತೋಟಕ್ಕೊಂದು ಕೊಕ್ಕರೆ ಮಾಡಿ ತೋರಿಸಿ. ಹಿಡಿಸಿದರೆ ಇನ್ನೂ ನಾಲ್ಕು ಹಕ್ಕಿ ನಿಮ್ಮಿಂದಲೇ. ಹಿಡಿಸದಿದ್ದರೆ ಸಿಮೆಂಟಿನ ಹಂಸ ತಂದು ನಿಲ್ಲಿಸ್ತೀವಿ" ಎಂದಿದ್ದರು. ನೋಡಲು ಬರುವುದು ಇವತ್ತು, ಸಂಜೆ ಐದಕ್ಕೆ. ದಿನಕ್ಕೊಂದು ಗಂಟೆಯಂತೆ ಬಡಿದು ಬಡಿದು ಕಾಲು, ಮೈ, ಎಡರೆಕ್ಕೆ ಆಗಿದ್ದವು. ಬಲರೆಕ್ಕೆ ಮತ್ತು ಕತ್ತು ಬಾಕಿ. ಕತ್ತಿಲ್ಲದ ಕೊಕ್ಕರೆಯನ್ನು ನೋಡಿ ಯಾವ ಡಾಕ್ಟರೂ ಒಳ್ಳೆಯ ಮಾತಾಡುವುದಿಲ್ಲ.

ಹತ್ತೂವರೆಗೇ ಗೇಟಣ್ಣ ಕುಲುಮೆ ಹೊತ್ತಿಸಿದ. ಹನ್ನೊಂದು ಹೊಡೆಯುವಷ್ಟರಲ್ಲಿ ರೆಕ್ಕೆಯ ಪಟ್ಟಿ ಕಾದು ಹಳದಿಗೆ ತಿರುಗಿತ್ತು. ಇಕ್ಕಳದಲ್ಲಿ ಹಿಡಿದು ಸ್ವಿಚ್ಚಿಗೆ ಕೈಹಾಕಿದ. ಪಕ್ಕದ ಮನೆಯ ಮಹಡಿಯ ಕಿಟಕಿಯಿಂದ ಪಿಟೀಲು ಟೀಚರ್ ತಲೆ ಹೊರಬಂತು.

"ಗೇಟಣ್ಣ, ಒಂದೇ ಒಂದು ನಿಮಿಷ! ಇವಳಿಗೆ ಕೊನೇ ಸಾಲು ಈಗ ತಾನೇ ಕೂತ್ಕೊಳ್ತಾ ಇದೆ. ಈಗ ನೀವು ಗುದ್ದಿದ್ರೆ ಮತ್ತೆ ಒಂದು ತಿಂಗಳು ಬರಲ್ಲ."

"ಟೀಚರ್, ಕಬ್ಬಿಣ ಕಾದಿದೆ…"

"ಕಾಯಲಿ ಬಿಡಿ, ಕಬ್ಬಿಣ ತಾನೇ! ಹಾಲಲ್ಲವಲ್ಲ ಉಕ್ಕೋಕೆ."

ಟೀಚರಿಗೆ ಎದುರಾಡುವ ಧೈರ್ಯ ಗೇಟಣ್ಣನಿಗಿರಲಿಲ್ಲ. ಪಟ್ಟಿಯನ್ನು ಮತ್ತೆ ಕೆಂಡದೊಳಗೆ ತುರುಕಿ ನಿಂತ. ಕೊನೇ ಸಾಲು ಕೂತುಕೊಳ್ಳುವುದಕ್ಕೆ ಎಂಟು ನಿಮಿಷ ಹಿಡಿಯಿತು. ಅಷ್ಟರಲ್ಲಿ ಕುಲುಮೆಯೊಳಗಿಂದ ಚಟಪಟ ಕಿಡಿ ಹಾರತೊಡಗಿತು. ಎಳೆದು ನೋಡಿದರೆ ರೆಕ್ಕೆಯ ಅರ್ಧ ಉರಿದುಹೋಗಿ, ಉಳಿದದ್ದು ಇಲಿ ತಿಂದ ರೊಟ್ಟಿಯಂತೆ ಕಾಣುತ್ತಿತ್ತು. ಹಾಲಲ್ಲ, ನಿಜ. ಆದರೆ ಅತಿಯಾಗಿ ಕಾದರೆ ಉಕ್ಕೂ ಕೈಗೆ ಸಿಗುವುದಿಲ್ಲ.

ಪುಣ್ಯಕ್ಕೆ ಇನ್ನೊಂದು ಪಟ್ಟಿ ಇತ್ತು. ಅದು ಕಾಯುವಷ್ಟರಲ್ಲಿ ಹನ್ನೊಂದೂವರೆ. ಗುದ್ದಪ್ಪ ಕೊನೆಗೂ ಬಾಯಿಬಿಟ್ಟ. ಧುಪ್, ಧುಪ್, ಧುಪ್. ಪಟ್ಟಿಯ ತುದಿ ಗರಿಯಂತೆ ಹರಡತೊಡಗಿತು, ಗೇಟಣ್ಣನ ಮುಖವೂ ಅರಳತೊಡಗಿತು. ಏಳನೆಯ ಗುದ್ದಿಗೆ ಪಕ್ಕದಂಗಡಿಯ ಗಡಿಯಾರದಣ್ಣ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಓಡಿಬಂದ. ಇನ್ನೊಂದು ಕಣ್ಣಲ್ಲಿ ನೀರು.

"ನಿಲ್ಸು ಮಾರಾಯ, ನಿಲ್ಸು! ನನ್ನ ಸ್ಕ್ರೂ ಹಾರಿಹೋಯ್ತು!"

"ಇದು ನನ್ನ ಗಂಟೆ ಅಲ್ವಾ ಅಣ್ಣ? ನಿನ್ನ ಸೂಕ್ಷ್ಮ ಕೆಲಸ ಹನ್ನೆರಡರಿಂದ."

"ಗೊತ್ತು ಕಣೋ. ಮೇಜಿನ ಮೇಲೆ ಇಟ್ಟು ಸುಮ್ನೆ ಕೂತಿದ್ದೆ, ಅದಾಗಿ ಅದೇ ಎಗರಿತು. ಸಾಸಿವೆ ಕಾಳಿನ ಕಾಲು ಭಾಗ ಇದೆ. ಅಂಥದು ಇನ್ನೊಂದು ಎಲ್ಲೂ ಸಿಗಲ್ಲ."

ನೆರೆಯವನ ಸ್ಕ್ರೂ ಹುಡುಕದೆ ಹಕ್ಕಿ ಮಾಡುವುದು ಹೇಗೆ? ಗೇಟಣ್ಣ ಮೋಟಾರು ನಿಲ್ಲಿಸಿದ. ಇಬ್ಬರೂ ಅಂಗಡಿಯ ನೆಲದಲ್ಲಿ ಅಂಬೆಗಾಲಿಕ್ಕಿದರು. ಟೀಚರ್ ಮಹಡಿಯಿಂದ ಇಳಿದುಬಂದು ಟಾರ್ಚು ಹಿಡಿದರು. ನೆಲ, ಮೇಜು, ಮೇಜಿನ ಕೆಳಗೆ, ಚಪ್ಪಲಿಯೊಳಗೆ, ಎಲ್ಲೂ ಇಲ್ಲ. ಕಾಲುಗಂಟೆಯಾದ ಮೇಲೆ ಗೇಟಣ್ಣನ ಹೆಂಡತಿ ಬಂದು ಬಾಗಿಲಲ್ಲಿ ನಿಂತು ನೋಡಿದಳು.

"ಅಣ್ಣ, ಸ್ವಲ್ಪ ಮುಖ ಎತ್ತಿ" ಎಂದು, ಗಡಿಯಾರದಣ್ಣನ ಗಡ್ಡದಿಂದ ಸ್ಕ್ರೂವನ್ನು ಹೇನು ಹೆಕ್ಕಿದಂತೆ ಹೆಕ್ಕಿಕೊಟ್ಟಳು.

ಗೇಟಣ್ಣ ಶೆಡ್ಡಿಗೆ ಓಡಿದ. ತಣ್ಣಗಾದ ಪಟ್ಟಿಯನ್ನು ಮತ್ತೆ ಕಾಯಿಸಿ ಗುದ್ದಪ್ಪನ ಮುಂದೆ ನಿಲ್ಲುವ ಹೊತ್ತಿಗೆ ಹನ್ನೆರಡಕ್ಕೆ ನಾಲ್ಕೇ ನಿಮಿಷ. ನಾಲ್ಕು ನಿಮಿಷದಲ್ಲಿ ಅವನು ಬಲರೆಕ್ಕೆಯ ಮುಕ್ಕಾಲು ಪಾಲು ಮುಗಿಸಿದ. ಆ ವೇಗದಲ್ಲಿ ಅವನು ಆಯುಷ್ಯದಲ್ಲೇ ಕೆಲಸ ಮಾಡಿರಲಿಲ್ಲ. ಆಗ ಬಾಗಿಲಲ್ಲಿ ಕೆಮ್ಮು ಕೇಳಿಸಿತು.

ಒಂದು ಕೈಯಲ್ಲಿ ಗಡಿಯಾರ, ಇನ್ನೊಂದರಲ್ಲಿ ಬೀಗದ ಕೈ ಹಿಡಿದುಕೊಂಡು ಗುಮಾಸ್ತರು ನಿಂತಿದ್ದರು. "ಹನ್ನೆರಡು ಗಂಟೆ ಹತ್ತು ಸೆಕೆಂಡು" ಎಂದರು.

"ಸಾರ್, ಇನ್ನೊಂದೇ ಸಲ ಕಾಯಿಸಿ ಬಡಿದುಬಿಡ್ತೀನಿ. ಸಂಜೆ ಡಾಕ್ಟ್ರಮ್ಮ ಬರ್ತಾರೆ. ಇವತ್ತು ಆಗಲಿಲ್ಲ ಅಂದ್ರೆ ಜನ್ಮದಲ್ಲಿ ಆಗಲ್ಲ."

"ನೋಡಪ್ಪ, ಇವತ್ತು ನಿನಗೆ ಹತ್ತು ಸೆಕೆಂಡು ಕೊಟ್ಟೆ ಅಂತಿಟ್ಕೋ, ನಾಳೆ ಟೀಚರು ಹತ್ತು ನಿಮಿಷ ಕೇಳ್ತಾರೆ. ನಲವತ್ತು ವರ್ಷ ಸರ್ವೀಸಲ್ಲಿ ನಾನು ಯಾರಿಗೂ ಕೊಟ್ಟವನಲ್ಲ. ನೀನು ಆಫ್ ಮಾಡಲ್ಲ ಅಂದ್ರೆ ನಾನೇ ಮಾಡ್ತೀನಿ."

ಹೀಗೆಂದವರು ಕುಲುಮೆಯ ಹೊಗೆಗೆ ಮಬ್ಬಾದ ಕನ್ನಡಕ ಒರೆಸಲು ಕೈ ಬಿಡುವು ಮಾಡಿಕೊಂಡರು. ಅಂದರೆ, ಬೀಗದ ಕೈಯನ್ನು ಹತ್ತಿರ ಕಂಡ ಚಪ್ಪಟೆ ಜಾಗದ ಮೇಲಿಟ್ಟರು. ಆ ಚಪ್ಪಟೆ ಜಾಗ ಗುದ್ದಪ್ಪನ ಅಡೆಗಲ್ಲು, ಗುದ್ದು ಬೀಳುವ ಕಡೆ. "ಸಾರ್, ಅಲ್ಲಿ ಬೇಡ!" ಎಂದು ಗೇಟಣ್ಣ ಕೂಗುವಷ್ಟರಲ್ಲಿ ಅವರು ಸ್ವಿಚ್ಚಿನತ್ತ ಹೆಜ್ಜೆ ಇಟ್ಟಾಗಿತ್ತು. ಇಟ್ಟದ್ದು ಕಾಲುಪಟ್ಟಿಯ ಮೇಲೆ.

ಧುಪ್, ಧುಪ್, ಧುಪ್.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಇಲ್ಲಿ ನಿಮಿಷವೂ ಬೇಕಾಗಲಿಲ್ಲ. ಬೀಗದ ಕೈ ಇದ್ದ ಜಾಗದಲ್ಲಿ ಹಪ್ಪಳದಷ್ಟು ತೆಳ್ಳಗಿನ ಏನೋ ಒಂದು ಮಿನುಗುತ್ತಿತ್ತು.

"ನನ್ನ ಮನೆ!" ಎಂದರು ಗುಮಾಸ್ತರು. ಮನೆ ಎದುರಿಗೇ ಭದ್ರವಾಗಿ ನಿಂತಿತ್ತು. ಆದರೆ ಅವರ ಹೆಂಡತಿ ತಂಗಿಯ ಮನೆಗೆ ಹೋಗಿದ್ದರು, ಇನ್ನೊಂದು ಬೀಗದ ಕೈ ಹೆಂಡತಿಯ ಬಳಿ. ಬರುವುದು ಸಂಜೆಗೆ.

ಒಂದು ಗಂಟೆಯೂ ಹೋಯಿತು, ಇನ್ನು ಅರ್ಜಿಯೂ ಹೋಗುತ್ತದೆ, ಡಾಕ್ಟ್ರಮ್ಮ ಬಂದು ಕತ್ತಿಲ್ಲದ ಹಕ್ಕಿಯನ್ನು ನೋಡಿ ಸಿಮೆಂಟಿನ ಹಂಸಕ್ಕೆ ಫೋನ್ ಮಾಡುತ್ತಾರೆ ಎಂದುಕೊಂಡು ಗೇಟಣ್ಣ ಮರದ ದಿಮ್ಮಿಯ ಮೇಲೆ ಕುಸಿದ. ನಿಜವಾಗಿ ಅವನಿಗೆ ಅಳು ಬಂದಿತ್ತು.

ಆದರೆ ಗುಮಾಸ್ತರು ಬೈಯಲಿಲ್ಲ. ಚಪ್ಪಟೆಯಾದ ಬೀಗದ ಕೈಯನ್ನು ಎತ್ತಿ ಬೆಳಕಿಗೆ ಹಿಡಿದಿದ್ದರು.

"ಇದೇನಯ್ಯ, ಎಲೆ ತರ ಇದೆಯಲ್ಲ! ಇಲ್ನೋಡು, ದೇಟು. ಇದು ನರ."

ಸದ್ದು ಕೇಳಿ ಬಂದಿದ್ದ ಗಡಿಯಾರದಣ್ಣ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿದ. "ಅಂಚು ಎಷ್ಟು ಸಮ ಬಂದಿದೆ ಸಾರ್! ಕೈಯಲ್ಲಿ ಕೂತು ಅರೆದ್ರೂ ಹಿಂಗೆ ಬರಲ್ಲ."

"ನಾನು ಮಾಡಿದ್ದು" ಎಂದರು ಗುಮಾಸ್ತರು. ನಲವತ್ತು ವರ್ಷ ಬೇರೆಯವರ ಅರ್ಜಿಗಳಿಗೆ ಮೊಹರು ಒತ್ತಿದ ಆ ಕೈಯಿಂದ ಒಂದು ವಸ್ತು ಹುಟ್ಟಿದ್ದು ಅದೇ ಮೊದಲು.

ಗೇಟಣ್ಣನ ಹೆಂಡತಿ ಚಹಾ ತಂದುಕೊಟ್ಟು, ಯಾರ ಕಡೆಗೂ ನೋಡದೆ ಹೇಳಿದಳು: "ಸಾರ್, ಮನೆಗೆ ಹೋಗೋ ಹಾಗಿಲ್ಲ ಅಂದ್ಮೇಲೆ ನೀವು ಮಲಗೋ ಹಾಗೂ ಇಲ್ಲ. ಗಡಿಯಾರದಣ್ಣನೂ ಇಲ್ಲೇ ಇದಾರೆ, ಸೂಕ್ಷ್ಮ ಕೆಲಸ ನಡೀತಾ ಇಲ್ಲ. ಹಾಗಿದ್ರೆ ಸದ್ದು ಯಾರಿಗೆ ಕೂಡದು?"

ಗುಮಾಸ್ತರು ಯೋಚಿಸಿದರು. ನಿಯಮ ಮುರಿಯುವುದು ಅವರ ಜಾಯಮಾನದಲ್ಲಿರಲಿಲ್ಲ, ಆದರೆ ತಿದ್ದುಪಡಿ ಬೇರೆ ವಿಷಯ. ಜೇಬಿನಿಂದ ಪೆನ್ನು ತೆಗೆದು, ಬಾಗಿಲ ಹಾಳೆಯ ಅಂಚಿನಲ್ಲಿ "ಇಂದಿನ ಮಟ್ಟಿಗೆ ಹನ್ನೆರಡರಿಂದ ನಾಲ್ಕರವರೆಗೆ ಸಡಿಲಿಕೆ" ಎಂದು ಬರೆದು ಚುಟುಕು ಸಹಿ ಹಾಕಿದರು.

ಆಮೇಲೆ ಗುದ್ದಪ್ಪನನ್ನು ಹಿಡಿಯುವವರಿರಲಿಲ್ಲ. ಬಲರೆಕ್ಕೆ ಮುಗಿದು ಮೈಗೆ ಕೂತಿತು. ಗುಮಾಸ್ತರು ಕಬ್ಬಿಣದ ಕಾಲುಗಳನ್ನು ಕೂಸಿನ ಕಾಲಿನಂತೆ ಹಿಡಿದುಕೊಂಡರು. ಗಡಿಯಾರದಣ್ಣ ರೆಕ್ಕೆಯನ್ನು ಉಜ್ಜಿ ಹೊಳಪು ಬರಿಸಿ, ಗ್ಯಾಸಿನ ಸಣ್ಣ ಜ್ವಾಲೆ ಹಿಡಿದು ಒಂದೊಂದೇ ಗರಿಯನ್ನು ಬಿಸಿಮಾಡಿದ. "ಗಡಿಯಾರದ ಸ್ಕ್ರೂಗೆ ನಾವು ಹಿಂಗೇ ಬಣ್ಣ ಬರಿಸೋದು. ಮೊದಲು ಹಳದಿ ಬರುತ್ತೆ, ಆಮೇಲೆ ಕಂದು, ಆಮೇಲೆ ನೇರಳೆ. ನೀಲಿ ಬಂದ ತಕ್ಷಣ ಬೆಂಕಿ ತೆಗೀಬೇಕು. ಒಂದು ರೆಪ್ಪೆ ತಡ ಆದ್ರೆ ಬೂದಿ ಬಣ್ಣ." ಸಾಸಿವೆಯ ಕಾಲು ಭಾಗದಷ್ಟಿನ ಸ್ಕ್ರೂಗೆ ನೀಲಿ ಬರಿಸುತ್ತಿದ್ದವನಿಗೆ ಮೊಳದುದ್ದದ ರೆಕ್ಕೆ ಸಿಕ್ಕಿತ್ತು. ಅವನು ರೆಪ್ಪೆಯನ್ನೇ ಬಡಿಯಲಿಲ್ಲ. ರೆಕ್ಕೆಗಳು ಮೋಡ ಸರಿದ ಆಕಾಶದ ಬಣ್ಣಕ್ಕೆ ತಿರುಗಿದವು. ಪೇಂಟು ಹೊಡೆಯುವುದೆಂದು ಡಬ್ಬಿ ತಂದಿಟ್ಟಿದ್ದ ಗೇಟಣ್ಣ ಅದನ್ನು ಕಾಲಿನಿಂದ ಮೂಲೆಗೆ ತಳ್ಳಿದ.

ಕತ್ತು ಮಾತ್ರ ಕೈಕೊಟ್ಟಿತು. ಉದ್ದನೆಯ ಸರಳನ್ನು ಎರಡೂ ಕೈಯಲ್ಲಿ ಹೊರಳಿಸುತ್ತ, ಅದೇ ಹೊತ್ತಿಗೆ ಕಾಲಲ್ಲಿ ಪಟ್ಟಿಯನ್ನು ಒಂದೇ ಹದದಲ್ಲಿ ಒತ್ತಬೇಕು. ಅವಸರಕ್ಕೆ ಕೈ ಮುಂದಾದರೆ ಕಾಲು ಹಿಂದಾಗುತ್ತಿತ್ತು. ಸರಳು ಅಲ್ಲಲ್ಲಿ ಉಬ್ಬಿ, ಕಪ್ಪೆ ನುಂಗಿದ ಹಾವಿನಂತಾಯಿತು. ಗಂಟೆ ನಾಲ್ಕಾಯಿತು. ಸರಿಯಾಗಿ ನಾಲ್ಕಕ್ಕೆ ಟೀಚರ್ ಪಿಟೀಲಿನ ಕಮಾನು ಕೈಯಲ್ಲಿ ಹಿಡಿದುಕೊಂಡೇ ಬಾಗಿಲಲ್ಲಿ ಪ್ರತ್ಯಕ್ಷರಾದರು.

"ಗೇಟಣ್ಣ, ನಾನು ಸದ್ದಿಗೆ ಬೇಜಾರು ಮಾಡ್ಕೊಂಡು ಬಂದಿಲ್ಲ. ಮಧ್ಯಾಹ್ನದಿಂದ ಕೇಳ್ತಾ ಇದೀನಿ, ತಾಳ ತಪ್ತಾ ಇದೆ! ನಾಲ್ಕು ಸರಿ ಹೋಗುತ್ತೆ, ಐದನೇದು ಎಡವುತ್ತೆ. ನನಗೆ ಹೊಟ್ಟೆಯಲ್ಲಿ ಸಂಕಟ. ಎಲ್ಲಿ, ಕಾಲಿಡಿ. ನಾನು ಹೇಳಿದಾಗ ಮಾತ್ರ ಒತ್ತಬೇಕು."

ಕೆಂಪಗೆ ಕಾದ ಸರಳು ಹೊರಬಂತು. ಟೀಚರ್ ಕಮಾನಿನಿಂದ ಬಾಗಿಲ ಚೌಕಟ್ಟಿಗೆ ತಟ್ಟುತ್ತ ಎಣಿಸಿದರು. "ಒಂದು, ಎರಡು, ಮೂರು, ಹೊರಳಿಸಿ. ಒಂದು, ಎರಡು, ಮೂರು, ಹೊರಳಿಸಿ. ಅವಸರ ಯಾಕೆ? ಹಕ್ಕಿ ಎಲ್ಲೂ ಹಾರಿಹೋಗಲ್ಲ!" ಗೇಟಣ್ಣನ ಕೈಕಾಲುಗಳ ಜಗಳ ನಿಂತುಹೋಯಿತು. ಉಬ್ಬುಗಳೆಲ್ಲ ಇಳಿದವು. ಸರಳು ಬುಡದಿಂದ ತುದಿಗೆ ಸಣ್ಣಗಾಗುತ್ತ, ಹೂವಿನ ದಂಟಿನಂತೆ ನೀಳವಾಗಿ ಬಂತು. ಗುದ್ದಪ್ಪ ಇಷ್ಟು ಮೃದುವಾಗಿ ಮಾತಾಡಬಲ್ಲ ಎಂದು ಅವನನ್ನು ಸಾಕಿದವನಿಗೂ ಗೊತ್ತಿರಲಿಲ್ಲ.

"ತಲೆ ನೇರ ಇಡಬೇಡಿ" ಎಂದಳು ಹೆಂಡತಿ. "ಸ್ವಲ್ಪ ಹಿಂದಕ್ಕೆ ತಿರುಗಿಸಿ. ಯಾರೋ ಕರೆದ್ರು ಅನ್ನೋ ಹಾಗೆ."

ಹಾಗೇ ತಿರುಗಿಸಿದ. ಕಬ್ಬಿಣಕ್ಕೆ ಜೀವ ಬಂತು.

ಐದು ಗಂಟೆಗೆ ಡಾಕ್ಟ್ರಮ್ಮ ಬಂದರು. ಕೊಕ್ಕರೆಯ ಸುತ್ತ ಎರಡು ಸುತ್ತು ಬಂದರು. ರೆಕ್ಕೆಯ ಅಂಚಿನ ಮೇಲೆ, ಕೊಕ್ಕಿನ ತುದಿಯ ಮೇಲೆ, ಕಾಲಿನ ಸಂದಿಯಲ್ಲಿ ಬೆರಳಾಡಿಸಿದರು. ಗೇಟಣ್ಣನ ಎದೆ ಗುದ್ದಪ್ಪನಿಗಿಂತ ಜೋರಾಗಿ ಹೊಡೆದುಕೊಳ್ಳುತ್ತಿತ್ತು.

"ಮಕ್ಕಳು ಮುಟ್ಟದೆ ಬಿಡಲ್ಲ. ಅದಕ್ಕೇ ನೋಡಿದೆ, ಎಲ್ಲೂ ಚುಚ್ಚಲ್ಲ" ಎಂದರು ಡಾಕ್ಟ್ರಮ್ಮ. "ಎಷ್ಟು ಚೆನ್ನಾಗಿ ತಿರುಗಿ ನೋಡ್ತಾ ಇದೆ! ನಮ್ಮಲ್ಲಿ ಹಾಸಿಗೆ ಬಿಟ್ಟು ಏಳೋಕೆ ಒಲ್ಲೆ ಅನ್ನೋ ಮಕ್ಕಳಿದಾರೆ. ಇದು ಕಿಟಕಿ ಹೊರಗೆ ನಿಂತ್ರೆ ಎದ್ದು ಬರ್ತಾರೆ. ಇನ್ನು ನಾಲ್ಕು ಹಕ್ಕಿ ನಿಮ್ಮದೇ. ಎರಡು ತಿಂಗಳಲ್ಲಿ ಆಗುತ್ತಾ?"

ಆಗುತ್ತೆ ಎಂದು ಗೇಟಣ್ಣ ತಲೆಯಾಡಿಸಿದ.

ಡಾಕ್ಟ್ರಮ್ಮ ಗುದ್ದಪ್ಪನನ್ನು ನೋಡಿ, ಬಾಗಿಲ ಹಾಳೆಯನ್ನೂ ಓದಿದರು. "ಪಾಪ, ನಿಮ್ಮ ಅಕ್ಕಪಕ್ಕದವರಿಗೆ ಇದು ತೊಂದರೆಯೇ. ಒಂದು ಕೆಲಸ ಮಾಡಿ. ಊರಾಚೆ ನಮ್ಮದೊಂದು ಹಳೇ ಗೋದಾಮು ಖಾಲಿ ಬಿದ್ದಿದೆ. ಸುತ್ತ ಒಂದು ನರಪಿಳ್ಳೆ ಇಲ್ಲ. ಸುತ್ತಿಗೆ ಅಲ್ಲಿಗೆ ಸಾಗಿಸಿ, ಬೆಳಗಿಂದ ಸಂಜೆವರೆಗೂ ಬಡೀರಿ. ಯಾರೂ ಕೇಳಲ್ಲ."

ಬೆಳಗಿಂದ ಸಂಜೆವರೆಗೆ! ಗೇಟಣ್ಣನಿಗೆ ಸ್ವರ್ಗಕ್ಕೆ ಮೂರೇ ಗೇಣು ಉಳಿಯಿತು. ಅವನು ಬಾಯಿ ತೆರೆಯುವಷ್ಟರಲ್ಲಿ ಗುಮಾಸ್ತರು ಅಡ್ಡಬಂದರು.

"ಸಾಧ್ಯವೇ ಇಲ್ಲ ಮೇಡಂ! ಗುದ್ದಪ್ಪ ಈ ಬೀದಿ ಬಿಟ್ಟು ಕದಲೋ ಹಾಗಿಲ್ಲ. ನಮಗೇನು ತೊಂದರೆ? ಯಾರು ಹೇಳಿದ್ದು ತೊಂದರೆ ಅಂತ?"

"ನೀವೇ ಬರೆದಿದ್ದೀರಲ್ಲ ಇಲ್ಲಿ."

ಗುಮಾಸ್ತರು ಹಾಳೆಯನ್ನು ಪರ್‍ರನೆ ಹರಿದು, ಉಂಡೆ ಮಾಡಿ ಕುಲುಮೆಗೆ ಎಸೆದರು. "ರದ್ದು" ಎಂದರು.

"ಆ ಸದ್ದಿಲ್ಲದೆ ನನ್ನ ಮಕ್ಕಳಿಗೆ ತಾಳ ಹೇಳಿಕೊಡೋದು ಹೇಗೆ?" ಎಂದರು ಟೀಚರ್.

"ಇವನನ್ನ ಕಳಿಸಿ ನಾವಿಲ್ಲಿ ಏನು ನೊಣ ಹೊಡೀಬೇಕಾ?" ಎಂದ ಗಡಿಯಾರದಣ್ಣ.

ಗೇಟಣ್ಣ ಒಬ್ಬೊಬ್ಬರ ಮುಖವನ್ನೂ ನೋಡಿದ. ಇಪ್ಪತ್ತೈದು ವರ್ಷ ಇವರ ಗೇಟುಗಳನ್ನು ಮಾಡಿಕೊಟ್ಟಿದ್ದ, ಯಾವ ಗೇಟೂ ಅವನಿಗಾಗಿ ಇಷ್ಟು ಅಗಲ ತೆರೆದಿರಲಿಲ್ಲ. ಕಣ್ಣು ತುಂಬಿಬಂತು. "ಗೋದಾಮು ಬೇಡ ಮೇಡಂ. ಇಲ್ಲೇ ಮಾಡ್ತೀನಿ" ಎಂದ.

"ಸರಿ, ಹಾಗಾದ್ರೆ ಗೋದಾಮನ್ನ ನಮ್ಮ ಬಡಗಿಗೆ ಕೊಟ್ಟುಬಿಡ್ತೀನಿ. ಅವನೂ ಕೇಳ್ತಾ ಇದ್ದ" ಎಂದು ಡಾಕ್ಟ್ರಮ್ಮ ಅಲ್ಲೇ ಫೋನು ಮಾಡಿ ಮಾತು ಮುಗಿಸಿದರು. ಕೊಕ್ಕರೆಯನ್ನು ಕತ್ತಿನವರೆಗೆ ಹಳೇ ಕಂಬಳಿಯಲ್ಲಿ ಸುತ್ತಿ ಆಸ್ಪತ್ರೆಯ ವ್ಯಾನಿಗೆ ಏರಿಸಿದ್ದಾಯಿತು. ವ್ಯಾನು ತಿರುಗುವಾಗ ಅದು ಹಿಂಬದಿಯ ಗಾಜಿನಿಂದ ಎಲ್ಲರನ್ನೂ ತಿರುಗಿ ನೋಡುತ್ತ ಹೋಯಿತು.

ಇನ್ನು ದಿನವೆಲ್ಲ ತನ್ನದೇ ಎಂಬ ಹುರುಪಿನಲ್ಲಿ ಗೇಟಣ್ಣ ಎರಡನೆಯ ಹಕ್ಕಿಗೆ ಆಗಲೇ ಸರಳು ಆರಿಸತೊಡಗಿದ. ಬೆನ್ನ ಹಿಂದೆ ಗಲಗಲ ಸದ್ದಾಯಿತು. ತಿರುಗಿದರೆ ಗುಮಾಸ್ತರು. ಅವರ ಹೆಂಡತಿ ಬಂದು ಮನೆ ತೆರೆದಿದ್ದರು. ಗುಮಾಸ್ತರ ಕೈಯಲ್ಲಿ ಒಂದು ತಗಡಿನ ಡಬ್ಬಿ, ಅದರ ತುಂಬ ಹಳೇ ಬೀಗದ ಕೈಗಳು.

"ಆಫೀಸಿನ ಬೀರುಗಳದ್ದು. ಬೀರು ಹೋದವು, ಕೈ ಉಳಿದವು. ಒಂದು ಪೂರ್ತಿ ಬಳ್ಳಿಗೆ ಆಗುವಷ್ಟು ಎಲೆ ಇದೆ" ಎಂದು ಅವರು ಅಂಗಿಯ ತೋಳು ಮಡಚಿದರು. ಅವರ ಹಿಂದೆ ಗಡಿಯಾರದಣ್ಣ, ಅವನ ಹಿಂದೆ ಟೀಚರ್.

"ನಾಳೆಯಿಂದ ಗುದ್ದಪ್ಪನ ಪಾಳಿ ಹೀಗೆ" ಎಂದರು ಗುಮಾಸ್ತರು. "ಬೆಳಿಗ್ಗೆ ಎಂಟರಿಂದ ಹನ್ನೊಂದು ಟೀಚರು, ಅವರಿಗೆ ಪಿಟೀಲು ಪುಸ್ತಕ ಇಡೋ ಸ್ಟ್ಯಾಂಡು ಮಾಡಬೇಕಂತೆ. ಬಳ್ಳಿ ಕೆತ್ತನೆ ಇರೋದು. ಹನ್ನೆರಡರಿಂದ ಎರಡು ಇವನು, ಬೀದಿ ಕೊನೆಗೆ ಒಂದು ದೊಡ್ಡ ಗಡಿಯಾರ ನಿಲ್ಲಿಸ್ತಾನಂತೆ, ಮುಳ್ಳೇ ಆಳುದ್ದ. ಎರಡರಿಂದ ನಾಲ್ಕು ನಾನು. ನಿದ್ದೆ ಯಾವಾಗ ಬೇಕಾದ್ರೂ ಮಾಡಬಹುದು. ನಾಲ್ಕರಿಂದ ಎಂಟು ನಿನ್ನ ಮನೆಯವಳು."

ಗೇಟಣ್ಣ ಹೆಂಡತಿಯ ಕಡೆ ತಿರುಗಿದ. ಅವಳು ಕೆಲಸದಂಗಿಯ ತೋಳನ್ನು ಆಗಲೇ ಮೇಲಕ್ಕೆ ಸರಿಸಿದ್ದಳು.

"ಬೆಲ್ಟು ಹೊಲಿದವಳು ನಾನಲ್ವಾ? ನನಗೊಂದು ಪಾರಿವಾಳ ಮಾಡಬೇಕು ರೀ."

"ಮತ್ತೆ ನನಗೆ?" ಎಂದ ಗೇಟಣ್ಣ.

"ನಿನ್ನನ್ನ ಮರೀತೀವೇನಪ್ಪ?" ಎಂದು ಗುಮಾಸ್ತರು ಅವನ ಭುಜ ತಟ್ಟಿದರು. "ಹನ್ನೊಂದರಿಂದ ಹನ್ನೆರಡು. ಅದು ನಿನಗೆ ಅಭ್ಯಾಸ ಆಗಿರೋ ಹೊತ್ತು. ತೊಂದರೆ ಆಗಬಾರದು ಅಂತ ಅದನ್ನ ನಾವ್ಯಾರೂ ಮುಟ್ಟಿಲ್ಲ."

ಗೇಟಣ್ಣ ಗೋದಾಮನ್ನು ನೆನೆಸಿಕೊಂಡ, ಅದರಲ್ಲಿ ಬೆಳಗಿಂದ ಸಂಜೆವರೆಗೆ ಉಳಿ ಹೊಡೆಯಲಿರುವ ಬಡಗಿಯನ್ನು ನೆನೆಸಿಕೊಂಡ, ಎರಡು ತಿಂಗಳಲ್ಲಿ ಆಗಬೇಕಾದ ನಾಲ್ಕು ಹಕ್ಕಿಗಳನ್ನೂ ನೆನೆಸಿಕೊಂಡ. ಹೊಟ್ಟೆ ಉರಿಯಿತು. ಆದರೆ ಗುಮಾಸ್ತರು ನಾಲಿಗೆ ಕಚ್ಚಿಕೊಂಡು, ಮೊದಲ ಬೀಗದ ಕೈಯನ್ನು ಅಡೆಗಲ್ಲಿನ ಮೇಲೆ ಅಷ್ಟೊಂದು ಪ್ರೀತಿಯಿಂದ ಸರಿಯಾಗಿ ಕೂರಿಸುತ್ತಿದ್ದುದನ್ನು ನೋಡಿ ಅವನಿಗೆ ನಗು ತಡೆಯಲಾಗಲಿಲ್ಲ. ಹೆಂಡತಿ ಹತ್ತಿರ ಬಂದು ಪಿಸುಗುಟ್ಟಿದಳು: "ಕೇಳೋ ಹಾಗೆ ಕೇಳಿದ್ರೆ ನನ್ನ ನಾಲ್ಕು ಗಂಟೆಯಲ್ಲಿ ಒಂದು ಗಂಟೆ ಕೊಡ್ತೀನಿ. ಆದ್ರೆ ಮೊದಲು ನನ್ನ ಪಾರಿವಾಳಕ್ಕೆ ಕಾಲು ಮಾಡಿಕೊಡಬೇಕು."

"ಸಾರ್, ಕಾಲು ಮೆಲ್ಲಗೆ ಇಡಿ" ಎಂದು ಗೇಟಣ್ಣ ಮುಂದೆ ಹೋಗಿ ಮೋಟಾರು ಹಾಕಿದ.